ಬೆಟ್ಟ ಅಂದಿದ್ದೆ

"ರೇನ್‌ಕೋಟ್ ಎಲ್ಲೈತಲೇ?" ಎಂದು ಮುನಾಫ್ ಮತ್ತೊಮ್ಮೆ ಕೇಳಿದ ಮೇಲೆ ಮಾಲತೇಶ ಬೆನ್ನಿನ ಬ್ಯಾಗು ಇಳಿಸಿ, ಬಂಡೆಯ ಮೇಲಿಟ್ಟು, ಬಾಯಿ ಬಿಚ್ಚಿದ. ರೇನ್‌ಕೋಟ್ ಇರಬೇಕಾದ ಜಾಗದಲ್ಲಿ ದಿಂಬಿನಷ್ಟು ದೊಡ್ಡ ಮಂಡಕ್ಕಿ ಪ್ಯಾಕೆಟ್ಟು ಕೂತಿತ್ತು. ಅದರ ಪಕ್ಕ ಖಾರ ಹಚ್ಚಿದ ಶೇಂಗಾ, ಚಟ್ನಿಪುಡಿ ಡಬ್ಬಿ. ಅದರ ಕೆಳಗೆ ಇನ್ನೊಂದು ಸಣ್ಣ ಮಂಡಕ್ಕಿ ಪ್ಯಾಕೆಟ್ಟು, ದೊಡ್ಡದು ಸಾಲದೇ ಹೋದರೆ ಇರಲಿ ಎಂದು.

"ಅವ್ವ ಕಟ್ಟಿದ್ದು," ಅಂದ ಮಾಲತೇಶ.

"ಅವ್ವ ಕಟ್ಟಿದ್ದು ಸರಿ, ನೀ ನೋಡ್ಕಬಾರ್ದೇನು? ಮಳೆಗಾಲದಾಗೆ ಗುಡ್ಡ ಹತ್ತಾಕೆ ಬಂದೋನು ಮಂಡಕ್ಕಿ ಹೊತ್ಕಂಡು ಬಂದೀಯಲ್ಲ. ದಾವಣಗೆರೆ ಬುದ್ಧಿ ಎಲ್ಲಿಗೋದ್ರೂ ಬಿಡಲ್ಲ ನಿಮಗೆ."

"ನೀನೇನು ಲಂಡನ್ನಿಂದ ಬಂದೀಯಾ? ಹರಿಹರದೋನು."

ಇವರ ಜಗಳ ಮುಗಿಯಲಿ ಎಂದು ಮಳೆಯೇನೂ ಕಾಯಲಿಲ್ಲ. ಎಡಗಡೆಯ ಕಣಿವೆಯಿಂದ ಎದ್ದು ಬಂದ ಮೋಡ ಮುಂದಿನ ಹುಲ್ಲಿನ ದಿಬ್ಬವನ್ನು ನುಂಗಿತು, ಅದರ ಹಿಂದೆಯೇ ಹನಿ ಅಡ್ಡಡ್ಡ ಬೀಸತೊಡಗಿತು. ಮುನಾಫ್ ಟೆಂಟಿನ ಕೆಳಗೆ ಹಾಸುವ ಪ್ಲಾಸ್ಟಿಕ್ ಶೀಟನ್ನು ತೆಗೆದು, ಕುರಿ ಕಾಯುವವರು ಕಂಬಳಿಯ ಕೊಪ್ಪೆ ಹಾಕಿಕೊಳ್ಳುವ ಹಾಗೆ ಮಡಚಿ, ಗೆಳೆಯನ ತಲೆಯ ಮೇಲೆ ಹೊದಿಸಿದ. "ಮುಳುಗಿದೋನಿಗೆ ಚಳಿಯೇನು ಮಳೆಯೇನು, ನಡಿ," ಅಂದ.

ಅವರು ಹತ್ತುತ್ತಿದ್ದ ಶಿಖರದ ಹೆಸರು ಕುದುರೆಬೆನ್ನು. ಅದು ಇರುವುದು ಚಿಕ್ಕಮಗಳೂರಿನಿಂದಲೂ ಆಚೆ. ಹಿಂದಿನ ಬೆಳಿಗ್ಗೆ ಮಾಲತೇಶ ದಾವಣಗೆರೆಯಲ್ಲಿ ಶಿವಮೊಗ್ಗದ ಬಸ್ಸು ಹತ್ತಿದ್ದ, ಮುನಾಫ್ ಹರಿಹರದಲ್ಲಿ ಸೇರಿಕೊಂಡಿದ್ದ. ಶಿವಮೊಗ್ಗದಿಂದ ಇನ್ನೊಂದು ಬಸ್ಸು, ಆಮೇಲೆ ಒಂದು ಜೀಪು, ಆಮೇಲೆ ಕಾಲುದಾರಿ. ಅರಣ್ಯ ಇಲಾಖೆಯ ಶೆಡ್ಡಿನ ಪಕ್ಕ ಟೆಂಟು ಹಾಕಿ ಮಲಗಿ, ಬೆಳಗಾದ ಮೇಲೆ ಮತ್ತೆ ಬೆನ್ನಿಗೆ ಬ್ಯಾಗು ಏರಿಸಿಕೊಂಡು ಹೊರಟಿದ್ದರು. ಹೊರಡುವಾಗ ಅಲ್ಲಿನ ವಾಚರನನ್ನು ಮುನಾಫ್ ಕೇಳಿದ್ದು ಒಂದೇ ಪ್ರಶ್ನೆ: ಫೋನ್ ಎಲ್ಲಿ ಸಿಗುತ್ತದೆ? ತುದಿಗಿಂತ ಸ್ವಲ್ಪ ಕೆಳಗೆ ಕಲ್ಲಿನ ಗುಪ್ಪೆ ಇದೆ, ಅಲ್ಲಿ ಸಿಕ್ಕರೆ ಸಿಕ್ಕಿತು ಎಂದು ಅವನು ಹೇಳಿದ್ದ.

ಇಬ್ಬರೂ ಚಡ್ಡಿ ಹಾಕುವ ವಯಸ್ಸಿನಲ್ಲಿ ಕೊಂಡಜ್ಜಿಯ ಸ್ಕೌಟ್ ಕ್ಯಾಂಪಿನಲ್ಲಿ ಗೆಳೆಯರಾದವರು. ದೊಡ್ಡವರಾದ ಮೇಲೆ ಕೊಂಡಜ್ಜಿ ಗುಡ್ಡಕ್ಕಿಂತ ದೊಡ್ಡ ಗುಡ್ಡ ಹತ್ತೋಣ ಎಂದು ಅಲ್ಲಿನ ಕೆರೆ ದಂಡೆಯಲ್ಲಿ ಕೂತು ಮಾತಾಡಿಕೊಂಡಿದ್ದರು. ದೊಡ್ಡವರೂ ಆದರು. ಮುನಾಫ್ ಹರಿಹರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾದ, ಮಾಲತೇಶ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಪೇಂಟ್ ಅಂಗಡಿ ಹಾಕಿದ, ಇಬ್ಬರಿಗೂ ಮದುವೆಯಾಯಿತು, ಮುನಾಫನಿಗೂ ಅವನ ಹೆಂಡತಿ ಮುಬಶ್ಶಿರಾಳಿಗೂ ಎರಡು ಮಕ್ಕಳಾದವು. ದೊಡ್ಡ ಗುಡ್ಡ ಮಾತ್ರ ಹಾಗೇ ಬಾಕಿ ಉಳಿದಿತ್ತು.

ಮಾಲತೇಶನಿಗೆ ಮಕ್ಕಳಾಗಲಿಲ್ಲ. ಆಗಲಿಲ್ಲ ಎನ್ನುವುದಕ್ಕಿಂತ ನಿಲ್ಲಲಿಲ್ಲ ಎನ್ನಬೇಕು. ಅವನ ಹೆಂಡತಿ ರೇಖಾ ಎರಡು ಸಲ ಬಸುರಾಗಿ ಎರಡು ಸಲವೂ ಕಳೆದುಕೊಂಡಳು. ಮೊದಲ ಸಲ ವಿಷಯ ಗೊತ್ತಾದ ದಿನವೇ ಮಾಲತೇಶನ ತಾಯಿ ಅಂಜಿನವ್ವ ಮಗನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದಳು. ಬಸುರಿಯ ಗಂಡನಾದವನು ಕಟಿಂಗ್ ಮಾಡಿಸಬಾರದು, ಕಾಯಿ ಒಡೆಯಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಬೆಟ್ಟ ಹತ್ತಬಾರದು. ಯಾಕೆ ಎಂದು ಕೇಳಿದರೆ "ಹಿಂದಿನೋರು ಸುಮ್ನೆ ಹೇಳಿಲ್ಲ" ಎಂಬ ಉತ್ತರ. ಅಂಜಿನವ್ವನ ಕೋರ್ಟಿನಲ್ಲಿ ಅದರ ಮೇಲೆ ಅಪೀಲಿಲ್ಲ.

ಬೆಟ್ಟದ್ದು ಸುಲಭವಿತ್ತು. ದಾವಣಗೆರೆಯ ಬಿಸಿಲಿನಲ್ಲಿ ಬೆಟ್ಟ ಹುಡುಕಿಕೊಂಡು ಯಾರು ಹೋಗುತ್ತಾರೆ? ಆದರೆ ತಂಗಿಯ ನಿಶ್ಚಿತಾರ್ಥದ ಫೋಟೋಕ್ಕೆ ಕರಡಿಯ ಹಾಗೆ ನಿಲ್ಲಲಾರದೆ ಕಟಿಂಗ್ ಮಾಡಿಸಿದ, ಆ ತಿಂಗಳೇ ಮೊದಲನೆಯದು ಹೋಯಿತು. ಎರಡನೆಯ ಸಲ ಬಹಳ ಹುಷಾರಾಗಿದ್ದ. ಅಮಾವಾಸ್ಯೆಯ ದಿನ ಅಂಗಡಿ ಮುಂದೆ ಕಾಯಿ ಒಡೆಯುವ ಕೆಲಸದವನು ಬರಲಿಲ್ಲ, ಗಿರಾಕಿಗಳು ಬಾಗಿಲಲ್ಲಿ ನಿಂತಿದ್ದರು. ತಡೆಯಲಾರದೆ ತಾನೇ ಒಡೆದ. ಅದೇ ವಾರ ರೇಖಾಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿನ ಬೆಂಚಿನ ಮೇಲೆ ಕೂತು ಅವನು ಕಾಯಿ ಒಡೆದದ್ದನ್ನು ತಾಯಿಗೆ ಹೇಳಿದ. ಅಂಜಿನವ್ವ ಸೆರಗನ್ನು ಬಾಯಿಗೊತ್ತಿಕೊಂಡು, "ಯಾಕ ಒಡಿಯಾಕೆ ಹೋದ್ಯಪ್ಪಾ ಕಾಯಿನ" ಅಂದಳು. ಅಷ್ಟೇ ಅಂದದ್ದು, ಆಮೇಲೆ ಒಂದು ದಿನವೂ ಆ ಮಾತು ಎತ್ತಲಿಲ್ಲ.

ಎತ್ತುವ ಅಗತ್ಯವೇ ಇರಲಿಲ್ಲ. ಡಾಕ್ಟರು ಚೀಟಿಯ ಮೇಲೆ ಚಿತ್ರ ಬರೆದು ಕಾರಣ ವಿವರಿಸಿದರು. ಅವರು ಹೇಳಿದ್ದು ಮಾಲತೇಶನ ಒಂದು ಕಿವಿಯಲ್ಲಿ ಹೋಗಿ ಇನ್ನೊಂದು ಕಿವಿಯಲ್ಲಿ ಹೊರಬಂತು. ತಾಯಿ ಹೇಳಿದ್ದು ಒಳಗೇ ಕೂತಿತು. "ಇನ್ನ ಬ್ಯಾಡ ರೇಖಾ, ನಮಗೆ ಬರೆದಿಲ್ಲ ಅದು" ಎಂದ. ಆಮೇಲೆ ತಾಯಿ ಹೇಳಿದ್ದ ಎಲ್ಲ ಕಟ್ಟುಪಾಡನ್ನೂ ಬಿಟ್ಟ. ಪ್ರತಿ ಅಮಾವಾಸ್ಯೆಗೂ ತಾನೇ ಕಾಯಿ ಒಡೆದ, ಅದೂ ರಸ್ತೆ ಬಿರಿಯುವ ಹಾಗೆ. ಅವನ ಮನೆಯಿದ್ದ ಶಾಮನೂರಿನ ಬೀದಿಯಲ್ಲಿ ಯಾರು ಸತ್ತರೂ ಮೊದಲ ಹೆಗಲು ಅವನದೇ. ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದನೋ ಅವನಿಗೂ ತಿಳಿಯದು. ಮನೆಯಲ್ಲಿ ಮಾತು ಕಡಿಮೆಯಾಯಿತು.

ಇಂಥವನನ್ನು ಎಬ್ಬಿಸಿ ಹೊರಡಿಸಿದವಳು ರೇಖಾ. ಅವಳೇ ಮುನಾಫನಿಗೆ ಫೋನ್ ಮಾಡಿ, "ಅಣ್ಣಾ, ಇವರನ್ನ ಎಲ್ಲಾದ್ರೂ ಗುಡ್ಡಕ್ಕೆ ಕರ್ಕಂಡು ಹೋಗ್ರಿ. ತುದಿ ಮುಟ್ಟಿದ ಮ್ಯಾಲೆ ನಂಗೊಂದು ಫೋನ್ ಮಾಡಿಸ್ರಿ, ಮರಿಬ್ಯಾಡ್ರಿ" ಎಂದಿದ್ದಳು. ಯಾಕೆಂದು ಹೇಳಲಿಲ್ಲ, ಮುನಾಫನೂ ಕೇಳಲಿಲ್ಲ. ಅಂಜಿನವ್ವನಂತೂ ಮಗನ ಬ್ಯಾಗನ್ನು ತಾನೇ ತುಂಬಿ, "ಬಸ್ ತಪ್ತೈತೆ, ಹೊರಡು" ಎಂದು ಬಾಗಿಲಿನಿಂದಾಚೆ ತಳ್ಳಿದ್ದಳು. ಮಳೆಯಲ್ಲಿ ಅಂಗಡಿಗೆ ಹೋಗುವಾಗಲೂ ನೂರೆಂಟು ಹೇಳುವ ಹೆಂಗಸು ಅವಳು. ಮಾಲತೇಶನಿಗೆ ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಹುಲ್ಲಿನ ದಿಬ್ಬ ದಾಟಿದ ಮೇಲೆ ದಾರಿ ಕಡಿದಾಯಿತು. ಮಣ್ಣು ಬೆಣ್ಣೆಯ ಹಾಗೆ ಜಾರುತ್ತಿತ್ತು. ಮಾಲತೇಶ ಎರಡು ಕಡೆ ಮೊಣಕಾಲೂರಿದ, ಮೂರನೆಯ ಕಡೆ ಪೂರ್ತಿ ಬಿದ್ದ. ಮುನಾಫ್ ಅವನ ತೋಳು ಹಿಡಿದು ಎಳೆದು ಒಂದು ಚಾಚುಬಂಡೆಯ ಕೆಳಗೆ ಕೂರಿಸಿದ. ಅಲ್ಲಿ ಇಬ್ಬರಿಗೆ ಆಗುವಷ್ಟೇ ಒಣ ಜಾಗವಿತ್ತು. ಮಂಡಕ್ಕಿ ಪ್ಯಾಕೆಟ್ಟು ಒಡೆದು, ಶೇಂಗಾ ಸುರಿದು, ಚಟ್ನಿಪುಡಿ ಉದುರಿಸಿ ಇಬ್ಬರೂ ತಿನ್ನತೊಡಗಿದರು. ಬೈದವನೇ ಹೆಚ್ಚು ತಿಂದ.

"ವಾಪಸ್ ಹೋಗಾಣ ಮುನಾಫ್," ಅಂದ ಮಾಲತೇಶ. "ತುದಿ ಮ್ಯಾಲೆ ಏನೈತೆ? ಇಲ್ಲೂ ಮೋಡ, ಅಲ್ಲೂ ಮೋಡ."

"ಬಂದಿದ್ದು ಬಂದೀವಿ. ಇನ್ನೇನು ಒಂದು ತಾಸು."

"ರೇಖಾ ಹೇಳಿ ಕಳಿಸಿದ್ಲು ಅಲ್ಲೇನು? ನನ್ನ ತಲೆ ಸರಿಮಾಡಿಸ್ಕಂಡು ಬರಾಕೆ."

ಮುನಾಫನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಹೌದು," ಅಂದ. "ಕರ್ಕಂಡು ಹೋಗ್ರಿ ಅಂದ್ರು. ಅವರು ಹೇಳದಿದ್ರೂ ನಾನೇ ಎಳ್ಕಂಡು ಬರೋನಿದ್ದೆ. ನಿನ್ನ ಮಾರಿ ನೋಡಾಕಾಗ್ತಿರಲಿಲ್ಲ ನಂಗೆ."

ಮಾಲತೇಶ ಅಂಗೈಯಲ್ಲಿದ್ದ ಮಂಡಕ್ಕಿಯನ್ನು ನೋಡುತ್ತಾ ಕೂತ. "ಅವ್ಳು ಒಂದು ಸಲಾನಾದ್ರೂ ಬೈದಿದ್ರೆ ಆರಾಮಾಗ್ತಿತ್ತು. ಏನೂ ಅನ್ನಲ್ಲ. ಊಟಕ್ಕೆ ಬರ್ರಿ ಅಂತಾಳೆ, ಬರ್ತೀನಿ, ಉಣ್ತೀನಿ. ಅವ್ಳ ಎದುರಿಗೆ ಕುಂತಾಗೆಲ್ಲ ಆ ಕಾಯಿ ಒಡೆದ ಸದ್ದು ಕೇಳಿಸ್ತೈತೆ ನಂಗೆ."

"ಕಾಗಿ ಕುಂದ್ರೋದಕ್ಕೂ ಟೊಂಗಿ ಮುರಿಯೋದಕ್ಕೂ ಸರಿಹೋತು ಅಷ್ಟೇ ಕಣಲೇ."

"ಕುಂತಿದ್ದು ನಾನೇ ಅಲ್ಲೇನು?"

ಮುನಾಫ್ ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡ. ಆಮೇಲೆ, "ನಮ್ಮ ಮುಬಶ್ಶಿರಾ ಬಸುರಿ ಇದ್ದಾಗ ನಾನು ಸ್ಕೂಲ್ ಹುಡುಗ್ರ ಜತಿ ವಾರಕ್ಕೊಂದ್ಸಲ ಕೊಂಡಜ್ಜಿ ಗುಡ್ಡ ಹತ್ತಿ ಇಳಿತಿದ್ದೆ," ಅಂದ. "ನಮ್ಮಲ್ಲಿ ಈ ಕಟ್ಟಿಲ್ಲ. ಬ್ಯಾರೆ ಅವೆ. ಗ್ರಹಣದಾಗೆ ಬಸುರಿ ಚಾಕು ಕತ್ರಿ ಮುಟ್ಟಬಾರ್ದು ಅಂತ ನಮ್ಮ ಅಮ್ಮ. ಗ್ರಹಣ ಬಿಟ್ಟು ವಾರ ಆದ್ರೂ ನಮ್ಮನೇಲಿ ಈರುಳ್ಳಿ ಹೆಚ್ಚಿದೋನು ನಾನೇ. ಅವ್ಳು ಕುಂತು ನೋಡ್ತಿದ್ಲು. ಇನ್ನೂ ಗ್ರಹಣ ಬಿಟ್ಟಿಲ್ಲ ಅಂತಿದ್ಲು."

ಮಾಲತೇಶ ನಕ್ಕ. ತಾನು ನಕ್ಕದ್ದು ಗೊತ್ತಾಗಿ ನಿಲ್ಲಿಸಿದ. ಪ್ಯಾಕೆಟ್ಟಿನ ಬಾಯಿಗೆ ಗಂಟು ಹಾಕಿ ಎದ್ದು, ತಾನೇ ಮುಂದಾಗಿ ನಡೆದ.

ಕಲ್ಲಿನ ಗುಪ್ಪೆ ಸಿಕ್ಕಾಗ ಮಳೆ ತುಂತುರಾಗಿತ್ತು. ಹಿಂದೆ ಬಂದವರೆಲ್ಲ ಒಂದೊಂದು ಕಲ್ಲಿಟ್ಟು ಎದೆಮಟ್ಟಕ್ಕೆ ಏರಿಸಿದ ಗುಪ್ಪೆ ಅದು. ಅಲ್ಲಿಂದ ಮೇಲೆ ಬರೀ ಬಂಡೆ, ಅದರ ತುದಿ ಮೋಡದಲ್ಲಿ. ಮುನಾಫ್ ಫೋನನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು, ಕೈಯೆತ್ತಿ ನಾಲ್ಕು ದಿಕ್ಕಿಗೂ ತೋರಿಸಿ, ಕೊನೆಗೆ ಒಂದು ಗೆರೆ ಕಂಡು ನಂಬರು ಒತ್ತಿದ. "ತಗ, ರೇಖಾ ಅದಾರೆ, ಮಾತಾಡು," ಎಂದು ಗೆಳೆಯನ ಕೈಗೆ ಕೊಟ್ಟ.

"ತುದಿಗೆ ಬಂದ್ರಾ?" ಎಂದು ಕೇಳಿದಳು ರೇಖಾ. ಅವಳ ಹಿಂದೆ ಆಟೋಗಳ ಹಾರನ್ನು ಕೇಳಿಸುತ್ತಿತ್ತು.

"ಇನ್ನ ಒಂಚೂರು ಐತೆ. ಯಾಕ, ಏನಾತು? ಎಲ್ಲಾರೂ ಆರಾಮಿದೀರಾ?"

"ಆರಾಮಿದೀವಿ. ಮೂರೂ ಜನ."

"ಮೂರು ಯಾರು? ಯಾರು ಬಂದಾರೆ ಮನೆಗೆ?"

"ಇನ್ನೂ ಬಂದಿಲ್ಲ. ಸಂಕ್ರಾಂತಿ ಕಳೆದ ಮ್ಯಾಲೆ ಬರ್ತಾರೆ."

ಸಂಕ್ರಾಂತಿಗೆ ಬರುವ ನೆಂಟರು ಯಾರು ಎಂದು ಮಾಲತೇಶ ನಿಜವಾಗಿಯೂ ಯೋಚಿಸಿದ. ಆಮೇಲೆ ಗೊತ್ತಾಯಿತು. ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತುಬಿಟ್ಟ.

"ಕೇಳಿಸ್ತೇನ್ರಿ?" ಎಂದಳು ರೇಖಾ. "ಇವತ್ತು ಸ್ಕ್ಯಾನ್ ಇತ್ತು. ನಾನೂ ಅತ್ತೇನೂ ಈಗ ಆಸ್ಪತ್ರೆಯಿಂದ ಹೊರಗೆ ಬಂದ್ವಿ. ಎಲ್ಲಾ ಚೆನ್ನಾಗೈತೆ ಅಂದ್ರು. ಎದಿ ಬಡಿಯೋದು ಕೇಳಿಸಿದ್ರು ನಂಗೆ. ಹೊಲಿಗಿ ಮಿಷಿನ್ ಓಡಿದಂಗೆ ಓಡ್ತೈತೆ."

ಸಂತೋಷ ಆಮೇಲೆ ಬಂತು, ಮೊದಲು ಬಂದದ್ದು ಹೆದರಿಕೆ. ಅವನು ಸುತ್ತ ನೋಡಿದ. ಕೆಳಗೆ ಎಲ್ಲಿ ನೋಡಿದರೂ ಆಳ, ಎಷ್ಟು ಮೇಲೆ ಬಂದಿದ್ದಾರೆ ಎಂಬುದೇ ಕಾಣುತ್ತಿರಲಿಲ್ಲ. "ರೇಖಾ, ನಾನು ಗುಡ್ಡದ ಮ್ಯಾಲೆ ಅದೀನಿ," ಅಂದ. ಅವನ ದನಿ ಅವನಿಗೇ ಪರಕೀಯವಾಗಿತ್ತು.

"ಗೊತ್ತು. ಅದಕ್ಕೇ ಕಳಿಸಿದ್ದು," ಅಂದಳು. "ಇದು ನಿಂತ ಮ್ಯಾಲೆ ನೀವು ತಿಂಗಳಾ ತಿಂಗಳಾ ಕಟಿಂಗ್ ಮಾಡಿಸಿದ್ರಿ. ಒಂದು ಅಮಾಸಿ ಬಿಡದಂಗೆ ಕಾಯಿ ಒಡೆದ್ರಿ. ಹಿಂದಿನ ಮನಿ ಕಲ್ಲಪ್ಪಜ್ಜಗೆ ಹೆಗಲು ಕೊಟ್ರಿ. ಗುಡ್ಡ ಒಂದು ಉಳಿದಿತ್ತು, ಅದನ್ನೂ ಮುಗಿಸ್ಲಿ ಅಂತ ಕಳಿಸ್ದೆ. ಒಂದನ್ನೂ ಬಿಡ್ಲಿಲ್ಲ ನೀವು. ಆದ್ರೂ ಅದು ಇದ್ದಲ್ಲೇ ಗಟ್ಟಿಯಾಗಿ ಐತೆ. ಈಗ ಹೇಳ್ರಿ, ಅವತ್ತು ಹೋಗಿದ್ದು ನಿಮ್ಮ ಕಾಯಿಂದ ಏನು?"

ಮುನಾಫ್ ಏನಾಯಿತು ಎಂದು ಕಣ್ಣಲ್ಲೇ ಕೇಳುತ್ತಿದ್ದ. ಮಾಲತೇಶ ಅವನ ಕೈ ಹಿಡಿದುಕೊಂಡ.

"ನಂಗ್ಯಾಕ ಹೇಳಲಿಲ್ಲ?" ಎಂದು ಕೊನೆಗೆ ಕೇಳಿದ.

"ಹೇಳಿದ್ರೆ ನೀವು ದಿನಾ ನನ್ನ ಮಾರಿ ನೋಡಿ ಹೆದರ್ತಿದ್ರಿ. ನಿಮ್ಮನ್ನ ನೋಡಿ ನಾನು ಹೆದರ್ತಿದ್ದೆ. ಹೋದ ಸಲ ಹಂಗೇ ಆತು. ನೋವಿಗಿಂತ ಅದೇ ಜಾಸ್ತಿ ಆಗಿತ್ತು ನಂಗೆ. ವಾಂತಿ ಆದಾಗ ಗ್ಯಾಸ್ಟ್ರಿಕ್ ಅಂದ್ರೆ ನಂಬಿದ್ರಿ, ಪುಣ್ಯ."

"ಇವತ್ತು ಒಂದು ವೇಳೆ ಅಲ್ಲಿ..."

"ಕೆಟ್ಟ ಸುದ್ದಿ ಆಗಿದ್ರೆ ಹೇಳ್ತಿರಲಿಲ್ಲ. ಗುಡ್ಡ ಚೆನ್ನಾಗೈತಾ ಅಂತ ಕೇಳಿ ಫೋನ್ ಇಡ್ತಿದ್ದೆ."

ಅವಳು ಇದನ್ನು ಸಂತೆಗೆ ಹೋಗಿ ಬಂದ ಸುದ್ದಿ ಹೇಳುವ ಹಾಗೆ ಹೇಳಿದಳು. ಮಾಲತೇಶನಿಗೆ ತಡೆಯಲಾಗಲಿಲ್ಲ. ಇಷ್ಟು ತಿಂಗಳು ಒಂದೇ ಸೂರಿನ ಕೆಳಗೆ, ಒಂದೇ ತಟ್ಟೆಯ ಎದುರು ಕೂತು, ತಾನು ತನ್ನ ಪಾಪ ಎಣಿಸುತ್ತಿದ್ದಾಗ ಅವಳು ಇದನ್ನು ಒಬ್ಬಳೇ ಹೊತ್ತಿದ್ದಳು. ಕಳೆದುಹೋದರೆ ಅದನ್ನೂ ಒಬ್ಬಳೇ ಹೊರುವವಳಿದ್ದಳು. ಅವನಿಗೆ ಅಳು ಬಂತು, ಮಳೆಯಿದ್ದದ್ದರಿಂದ ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಅತ್ತಿ ಮಾತಾಡ್ತಾರಂತೆ," ಅಂದಳು ರೇಖಾ.

ಫೋನು ಕೈ ಬದಲಾದ ಸದ್ದಾಯಿತು. "ಅವ್ವಾ, ನಿಂಗೂ ಮೊದ್ಲೇ ಗೊತ್ತಿತ್ತಾ?" ಎಂದು ಕೇಳಿದ ಮಾಲತೇಶ.

"ಮೂರು ಹೆತ್ತಾಕಿ ನಾನು. ಸೊಸಿ ಮಾರಿ ನೋಡಿದ್ರೆ ತಿಳಿಯಲ್ಲೇನು ನಂಗೆ? ಹೇಳಂಗಿಲ್ಲ ಅಂತ ಆಣಿ ತಗಂಡಿದ್ಲು."

"ಮತ್ತೆ ಬೆಟ್ಟ ಹತ್ತಬಾರ್ದು ಅಂದಾಕಿ ನೀನೇ ಅಲ್ಲೇನು? ನೀನೇ ಬ್ಯಾಗ್ ತುಂಬಿ ಕಳಿಸಿದ್ಯಲ್ಲ."

ಅಂಜಿನವ್ವ ಹಿಂದಿನವರ ಮಾತನ್ನು ಬಿಟ್ಟುಕೊಡುವ ಹೆಂಗಸಲ್ಲ, ಮಗನನ್ನೂ ಬಿಟ್ಟುಕೊಡುವವಳಲ್ಲ. "ಬೆಟ್ಟ ಅಂದಿದ್ದೆ," ಅಂದಳು. "ಗುಡ್ಡ ಅಂದಿದ್ನಾ?"

"ಅವ್ವಾ."

"ಅಲ್ಲಪ್ಪಾ, ನೀನು ಗುಡ್ಡಕ್ಕೆ ಹೊಂಟೀನಿ ಅಂದಿ. ಮುನಾಫ್ ಗುಡ್ಡ ಅಂದ. ನಿನ್ನ ಹೆಂಡ್ತಿ ಗುಡ್ಡ ಅಂದ್ಲು. ಬೆಟ್ಟ ಅಂತ ಯಾರು ಅಂದ್ರು? ಅಂದಿದ್ರೆ ಆಗ ನೋಡ್ತಿದ್ದೆ. ಗುಡ್ಡಕ್ಕೆ ಶಾಸ್ತ್ರದಾಗೆ ಏನೂ ಇಲ್ಲ."

ಮಾಲತೇಶ ಅಳುತ್ತಲೇ ನಗತೊಡಗಿದ. ಅಂಜಿನವ್ವನ ದನಿ ತಗ್ಗಿತು. ಸೊಸೆಗೆ ಕೇಳಿಸದಿರಲೆಂದು ಅತ್ತ ತಿರುಗಿಕೊಂಡಿರಬೇಕು. "ಅವತ್ತು ಆಸ್ಪತ್ರೆಯಾಗೆ ನಾ ಹಂಗೆ ಅನ್ನಬಾರ್ದಾಗಿತ್ತು ಮಗಾ. ಬಾಯಿಂದ ಬಂದುಬಿಡ್ತು. ಅವತ್ತಿಂದ ನೀನು ಬಾಡಿದ್ದು ನೋಡಿ ನನ್ನ ನಾಲಿಗಿ ನಾನೇ ಕಡ್ಕಂಡೀನಿ. ಮನಸಿನಾಗೆ ಇಟ್ಕಂಬ್ಯಾಡ."

"ಇಲ್ಲವ್ವಾ."

"ಮಂಡಕ್ಕಿ ತಿಂದ್ರಾ? ಮೆತ್ತಗಾಗೋದ್ರಾಗೆ ತಿನ್ರಿ," ಎಂದು ಫೋನನ್ನು ಸೊಸೆಯ ಕೈಗೆ ಕೊಟ್ಟಳು.

"ರೇಖಾ," ಅಂದ ಮಾಲತೇಶ. "ಮುಂದಿನ ಸ್ಕ್ಯಾನಿಗೆ ನಾನು ಬರ್ತೀನಿ."

"ಹೆದರ್ಕಂಡು ಬರಂಗಿದ್ರೆ ಬ್ಯಾಡ್ರಿ."

"ಹೆದರಿಕಿ ಆಗ್ತೈತೆ. ಆದ್ರೂ ಬರ್ತೀನಿ. ನನ್ನ ಬಿಟ್ಟು ಹೋಗಬ್ಯಾಡ ಇನ್ನ."

ಇಷ್ಟು ಹೊತ್ತೂ ಗಟ್ಟಿಯಾಗಿ ಮಾತಾಡಿದವಳ ದನಿ ಅಲ್ಲಿ ಒಡೆಯಿತು. "ಬರ್ರಿ ಹಂಗಾದ್ರೆ," ಎಂದಳು, ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಮುನಾಫನಿಗೆ ಹೇಳಬೇಕಾದದ್ದೇನೂ ಉಳಿದಿರಲಿಲ್ಲ, ಅರ್ಧ ಕೇಳಿಸಿಕೊಂಡಿದ್ದ, ಅರ್ಧ ಊಹಿಸಿದ್ದ. ಗೆಳೆಯನನ್ನು ಬ್ಯಾಗು ಸಮೇತ ಅಪ್ಪಿಕೊಂಡ. ಇಬ್ಬರ ಬಟ್ಟೆಯಿಂದಲೂ ನೀರು ಹಿಂಡಿ ಇಳಿಯಿತು. "ದೇವರು ದೊಡ್ಡೋನು," ಅಂದ ಮೆಲ್ಲಗೆ. ಆಮೇಲೆ ತಲೆಯೆತ್ತಿ ಆಕಾಶ ನೋಡಿದ. "ಮತ್ತೆ ಜೋರಾಗ್ತೈತೆ. ನಡಿ, ಇಳಿಯಾಣ. ಇದೇ ತುದಿ ಅಂದ್ಕಂಡ್ರಾತು, ಯಾರು ನೋಡಾಕೆ ಬರ್ತಾರೆ?"

ಅವನು ಹಾಗೆ ಹೇಳಿದ್ದು ಗೆಳೆಯನಿಗಾಗಿಯೇ. ಗೊತ್ತಿಲ್ಲದೆ ಹತ್ತಿದ್ದು ಒಂದು ಲೆಕ್ಕ, ಗೊತ್ತಾದ ಮೇಲೆ ಹತ್ತುವುದು ಇನ್ನೊಂದು. ಮಾಲತೇಶನಿಗೂ ಅದು ಅರ್ಥವಾಯಿತು. ಕೆಳಗಿನ ದಾರಿ ನೋಡಿದ, ಆಮೇಲೆ ಮೇಲಿನ ಬಂಡೆ ನೋಡಿದ. ಹೆದರಿಕೆ ಹೋಗಿರಲಿಲ್ಲ, ಅದು ಅಷ್ಟು ಬೇಗ ಹೋಗುವಂಥದ್ದಲ್ಲ. ತಲೆಯ ಮೇಲಿನ ಪ್ಲಾಸ್ಟಿಕ್ ಶೀಟನ್ನು ತೆಗೆದು ಮಡಚಿ ಮುನಾಫನ ಬ್ಯಾಗಿಗೆ ತುರುಕಿದ.

"ಇನ್ನೊಂಚೂರು ಐತಲ್ಲ," ಅಂದ. "ಹತ್ತಿಬಿಡಾಣ."

"ಖರೇನಾ?"

"ಹೂಂ. ಹುಷಾರಾಗಿ ಬಾ, ಜಾರ್ತೈತೆ."

ಬಂಡೆಯ ಸಂದಿಗಳಲ್ಲಿ ಮಳೆಯ ನೀರು ಸಣ್ಣ ಸಣ್ಣ ಕಾಲುವೆಯಾಗಿ ಇಳಿದು ಬರುತ್ತಿತ್ತು. ಮಾಲತೇಶ ಹೆಜ್ಜೆಯಿಡುವ ಮುಂಚೆ ಪ್ರತಿ ಕಲ್ಲನ್ನೂ ಕಾಲಿನಿಂದ ಒತ್ತಿ ನೋಡುತ್ತಿದ್ದ. ಮೇಲಿನ ಮೆಟ್ಟು ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ಅದರ ಮೇಲೆ ನಿಂತು, ಒಂದು ಕೈಯಲ್ಲಿ ಬಂಡೆ ಹಿಡಿದು, ಇನ್ನೊಂದು ಕೈಯನ್ನು ಕೆಳಗಿದ್ದ ಮುನಾಫನಿಗೆ ಚಾಚಿದ.